ಒಂದು ಫೈಲಿನಲ್ಲಿ ಇಡೀ ಕಂಪ್ಯೂಟರ್: ಡಿಸ್ಕ್ ಇಮೇಜಿನ ಫಾರ್ಮ್ಯಾಟ್ ಆರಿಸಿಕೊಳ್ಳುವ ಹೊಸಬರಿಗೆ

ಹನುಮಸಾಗರ, ಕುಷ್ಟಗಿ, ಯಲಬುರ್ಗಾ ಕಡೆಯ ಸಣ್ಣ ಪ್ರಿಂಟಿಂಗ್ ಪ್ರೆಸ್ಸು, ಡಿಟಿಪಿ ಅಂಗಡಿಗಳಲ್ಲಿ ಹಳೆಯ ಕಂಪ್ಯೂಟರೊಂದು ಮೂಲೆಯಲ್ಲಿ ಇನ್ನೂ ಕೆಲಸ ಮಾಡುತ್ತಿದ್ದರೆ ಅದು ಅಪರೂಪವೇನಲ್ಲ. ವಿಂಡೋಸ್ ಎಕ್ಸ್‌ಪಿ, ಪೇಜ್‌ಮೇಕರ್ 7, ಹಳೆಯ ನುಡಿ ಫಾಂಟುಗಳು, ಜೊತೆಗೆ ವರ್ಷಗಟ್ಟಲೆ ಕೂಡಿಬಿದ್ದ ಲಗ್ನಪತ್ರಿಕೆ, ಜಾತ್ರೆಯ ಹ್ಯಾಂಡ್‌ಬಿಲ್, ಬಿಲ್‌ಬುಕ್, ಭಜನಾ ಪದಗಳ ಪುಸ್ತಕ ಎಲ್ಲವೂ ಅದರಲ್ಲೇ ಇರುತ್ತವೆ. ಅಂಗಡಿಯವರು ಕೇಳುವ ಮಾತು ಒಂದೇ: "ಸರ, ಈ ಮಷಿನ್ ಹೋತಂದ್ರ ಇದರಾಗಿಂದೆಲ್ಲಾ ಹೋದಂಗ ಅಲ್ರೀ?"

ಹೋಗಬೇಕಾಗಿಲ್ಲ. ಆ ಕಂಪ್ಯೂಟರಿನ ಇಡೀ ಡಿಸ್ಕನ್ನು ಒಂದು ಫೈಲಾಗಿ ಎತ್ತಿಟ್ಟುಕೊಂಡು, ಹೊಸ ಕಂಪ್ಯೂಟರಿನೊಳಗೆ ಅದನ್ನು ಮತ್ತೆ ನಡೆಸಬಹುದು. ಹೀಗೆ ಕಂಪ್ಯೂಟರಿನೊಳಗೆ ನಡೆಯುವ ಕಂಪ್ಯೂಟರಿಗೆ ವರ್ಚುವಲ್ ಮಷಿನ್ ಎನ್ನುತ್ತಾರೆ. ಇದಕ್ಕೆಂದು ವರ್ಚುವಲ್‌ಬಾಕ್ಸ್ ಎಂಬ ತಂತ್ರಾಂಶ ತೆರೆದವರು ಸಾಮಾನ್ಯವಾಗಿ ಒಂದು ಕಡೆ ತಡವರಿಸುತ್ತಾರೆ. ಡಿಸ್ಕ್ ಫೈಲು ವಿಡಿಐ ಆಗಬೇಕೋ, ವಿಎಚ್‌ಡಿಯೋ, ವಿಎಂಡಿಕೆಯೋ ಎಂದು ಅದು ಕೇಳುತ್ತದೆ. ಲಿನಕ್ಸ್‌ನಲ್ಲಿ ಕೆಲಸ ಮಾಡುವವರಿಗೆ ರಾ ಮತ್ತು ಕ್ಯೂಕೌ2 ಎಂಬ ಇನ್ನೆರಡು ಹೆಸರು ಎದುರಾಗುತ್ತವೆ. ಯಾವುದನ್ನು ಆರಿಸಬೇಕು, ಏಕೆ ಎಂಬುದೇ ಈ ಪಾಠ.

ಬರೀ ಫೈಲುಗಳನ್ನು ಪೆನ್‌ಡ್ರೈವಿಗೆ ಹಾಕಿಕೊಂಡರೆ ಸಾಲದೇ ಎಂದು ನಿಮಗೆ ಅನ್ನಿಸಬಹುದು. ಸಾಲದು. ಪೇಜ್‌ಮೇಕರ್ 7 ಬಂದದ್ದು 2001ರಲ್ಲಿ. ಅಡೋಬಿ ಕಂಪನಿ ಅದರ ಮುಂದಿನ ಆವೃತ್ತಿಯನ್ನು ತರಲೇ ಇಲ್ಲ. ಅದಕ್ಕೆ ಯೂನಿಕೋಡ್ ಗೊತ್ತಿಲ್ಲ. ಕನ್ನಡ ಗಣಕ ಪರಿಷತ್ತು ರೂಪಿಸಿದ ನುಡಿಯ ಹಳೆಯ ಫಾಂಟುಗಳು ಕನ್ನಡ ಅಕ್ಷರದ ತುಂಡುಗಳನ್ನು ರೋಮನ್ ಅಕ್ಷರಗಳ ಜಾಗದಲ್ಲಿ ಕೂರಿಸಿಕೊಂಡಂಥವು. ಆ ಫಾಂಟು ಇಲ್ಲದ ಕಡೆ ತೆರೆದರೆ ಮದುಮಗಳ ಹೆಸರಿನ ಜಾಗದಲ್ಲಿ ಅರ್ಥವಿಲ್ಲದ ಚಿಹ್ನೆಗಳ ಸಾಲು ಕಾಣುತ್ತದೆ. ಇನ್‌ಡಿಸೈನ್‌ನ ಸಿಎಸ್6 ಆವೃತ್ತಿಯವರೆಗೆ ಪೇಜ್‌ಮೇಕರ್ ಫೈಲನ್ನು ತೆರೆಯುವ ಸೌಲಭ್ಯವಿತ್ತು. ಅದರ ನಂತರದವುಗಳಲ್ಲಿ ಅದೂ ಇಲ್ಲ. ಹೀಗಾಗಿ ತಂತ್ರಾಂಶ, ಫಾಂಟು, ಅವು ನಡೆಯುವ ವಿಂಡೋಸ್ ಎಲ್ಲವೂ ಒಟ್ಟಿಗೆ ಉಳಿದರೆ ಮಾತ್ರ ಆ ಫೈಲುಗಳು ಉಪಯೋಗಕ್ಕೆ ಬರುತ್ತವೆ. ಎಕ್ಸ್‌ಪಿಗೆ ಮೈಕ್ರೋಸಾಫ್ಟಿನ ಬೆಂಬಲ 2014ರ ಏಪ್ರಿಲ್ 8ಕ್ಕೇ ಮುಗಿದಿದೆ. ಅದನ್ನು ಇಂದು ಇಂಟರ್‌ನೆಟ್ಟಿಗೆ ಜೋಡಿಸಿ ಬಳಸುವುದು ಅಪಾಯ. ಹೊಸ ಕಂಪ್ಯೂಟರಿನೊಳಗೆ, ನೆಟ್‌ವರ್ಕ್ ತಪ್ಪಿಸಿ ನಡೆಸುವುದು ಸುರಕ್ಷಿತ ದಾರಿ.

ಎರಡು ಪದ ಕಲಿತುಕೊಂಡರೆ ಮುಂದಿನದು ಸುಲಭ. ಹೊರಗಿನ ನಿಜವಾದ ಕಂಪ್ಯೂಟರ್ ಹೋಸ್ಟ್; ಒಳಗೆ ನಡೆಯುವುದು ಗೆಸ್ಟ್. ಗೆಸ್ಟ್‌ನ ಎಕ್ಸ್‌ಪಿಗೆ ತನ್ನ ಮುಂದೆ ನಿಜವಾದ ಹಾರ್ಡ್‌ಡಿಸ್ಕ್ ಇದೆಯೆಂದೇ ತೋರುತ್ತದೆ. 512 ಬೈಟುಗಳ ಒಂದೊಂದು ಸೆಕ್ಟರನ್ನು ಸಂಖ್ಯೆಯಿಂದ ಕರೆದು ಅದು ಓದುತ್ತದೆ, ಬರೆಯುತ್ತದೆ. ಹೋಸ್ಟ್‌ನಲ್ಲಿ ಮಾತ್ರ ಅದೆಲ್ಲ ಒಂದು ಫೈಲು. ಗೆಸ್ಟ್ ಕೇಳಿದ ಸೆಕ್ಟರ್ ಈ ಫೈಲಿನೊಳಗೆ ಎಲ್ಲಿದೆ ಎಂದು ಹೇಳುವ ವ್ಯವಸ್ಥೆಗೇ ಫಾರ್ಮ್ಯಾಟ್ ಎಂದು ಹೆಸರು. ಐಎಸ್‌ಓ ಫೈಲನ್ನು ಇದರ ಜೊತೆ ಬೆರೆಸಿಕೊಳ್ಳಬೇಡಿ. ಅದು ಸಿಡಿ, ಡಿವಿಡಿಯ ಪ್ರತಿ. ವಿಂಡೋಸ್ ಅಥವಾ ಲಿನಕ್ಸನ್ನು ಇನ್‌ಸ್ಟಾಲ್ ಮಾಡಲು ಬೇಕಾಗುತ್ತದೆ, ಗೆಸ್ಟ್‌ನ ಹಾರ್ಡ್‌ಡಿಸ್ಕ್ ಆಗುವುದಿಲ್ಲ.

ಎಲ್ಲಕ್ಕಿಂತ ಸರಳವಾದದ್ದು ರಾ. ಡಿಸ್ಕಿನ ಮೊದಲ ಬೈಟು ಫೈಲಿನ ಮೊದಲ ಬೈಟು, ಕೊನೆಯದು ಕೊನೆಯದು. ನಡುವೆ ತಲೆಬರಹವಿಲ್ಲ, ಕೋಷ್ಟಕವಿಲ್ಲ, ಯಾವ ಕಂಪನಿಯ ಗುರುತೂ ಇಲ್ಲ. 80 ಜಿಬಿ ಡಿಸ್ಕಿಗೆ 80 ಜಿಬಿ ಫೈಲು. ಲೆಕ್ಕ ಹಾಕುವ ಕೆಲಸವೇ ಇಲ್ಲದ್ದರಿಂದ ವೇಗವೂ ಹೆಚ್ಚು. ನಾನು ಇದನ್ನು ಬಹಳ ಗೌರವಿಸುವುದು ಇನ್ನೊಂದು ಕಾರಣಕ್ಕೆ. ಇದನ್ನು ಓದಲು ಯಾವ ವರ್ಚುವಲ್ ಮಷಿನ್ ತಂತ್ರಾಂಶವೂ ಉಳಿದಿರಬೇಕಾಗಿಲ್ಲ. ಲಿನಕ್ಸ್ ಇದನ್ನು ನೇರವಾಗಿ ಡಿಸ್ಕಿನಂತೆ ಜೋಡಿಸಿಕೊಂಡು ಒಳಗಿನ ಫೋಲ್ಡರುಗಳನ್ನು ತೋರಿಸುತ್ತದೆ. 20 ವರ್ಷದ ನಂತರ ತೆಗೆದು ನೋಡುವವರಿಗೂ ಇದರಲ್ಲಿ ಒಗಟೇನೂ ಇರುವುದಿಲ್ಲ.

ರಾ ಫೈಲಿನ ವಿಷಯದಲ್ಲಿ ಹೊಸಬರನ್ನು ಗಲಿಬಿಲಿಗೊಳಿಸುವ ಸಂಗತಿಯೊಂದಿದೆ. ಲಿನಕ್ಸ್‌ನಲ್ಲಿ ಏನೂ ಬರೆಯದ ಭಾಗಗಳಿಗೆ ಜಾಗ ಕೊಡದೆಯೇ ರಾ ಫೈಲನ್ನು ಇಡಬಹುದು. ಆಗ ಎಲ್‌ಎಸ್ ಆಜ್ಞೆ 80 ಜಿಬಿ ಎಂದು ತೋರಿಸಿದರೆ, ಡಿಯು ಆಜ್ಞೆ 15 ಜಿಬಿ ಎನ್ನಬಹುದು. ಎರಡೂ ಸರಿಯೇ: ಮೊದಲನೆಯದು ಫೈಲಿನ ಉದ್ದ, ಎರಡನೆಯದು ಡಿಸ್ಕಿನಲ್ಲಿ ಅದು ನಿಜವಾಗಿ ಹಿಡಿದ ಜಾಗ. ಆದರೆ ಆ ಫೈಲನ್ನು ಪೆನ್‌ಡ್ರೈವಿಗೆ ಕಾಪಿ ಮಾಡಿದ ಕೂಡಲೇ ಈ ಉಳಿತಾಯ ಹೋಗಿ ಪೂರ್ತಿ 80 ಜಿಬಿ ಬೇಕಾಗುತ್ತದೆ.

ಉಳಿದ ಫಾರ್ಮ್ಯಾಟುಗಳೆಲ್ಲ ಜಾಗದ ಈ ಸಮಸ್ಯೆಯನ್ನು ಫೈಲಿನೊಳಗೇ ಬಗೆಹರಿಸುತ್ತವೆ. ಗೆಸ್ಟ್ ಹೊಸ ಜಾಗದಲ್ಲಿ ಬರೆದಾಗ ಮಾತ್ರ ಫೈಲು ಬೆಳೆಯುತ್ತದೆ. ಯಾವ ತುಂಡು ಎಲ್ಲಿದೆ ಎಂಬುದನ್ನು ಫೈಲಿನೊಳಗಿನ ಕೋಷ್ಟಕವೊಂದು ನೆನಪಿಟ್ಟುಕೊಳ್ಳುತ್ತದೆ. ವರ್ಚುವಲ್‌ಬಾಕ್ಸಿನ ವಿಡಿಐ 1 ಎಂಬಿ ತುಂಡುಗಳಲ್ಲಿ ಬೆಳೆಯುತ್ತದೆ. ಕ್ಯೂಎಮು ಎಂಬ ತಂತ್ರಾಂಶ ಬಳಸುವ ಕ್ಯೂಕೌ2 ಸಾಮಾನ್ಯವಾಗಿ 64 ಕೆಬಿ ತುಂಡುಗಳಲ್ಲಿ. ಹೀಗೆ ಬೆಳೆಯುವುದಕ್ಕೆ ಡೈನಮಿಕ್ ಡಿಸ್ಕ್ ಎನ್ನುತ್ತಾರೆ. ಎಲ್ಲ ಜಾಗವನ್ನೂ ಮೊದಲೇ ಹಿಡಿದಿಟ್ಟರೆ ಅದು ಫಿಕ್ಸೆಡ್. ಒಂದೇ ಫಾರ್ಮ್ಯಾಟಿನಲ್ಲಿ ಎರಡೂ ಬಗೆ ಸಾಧ್ಯ ಎಂಬುದನ್ನು ಗಮನಿಸಿ. ಎಷ್ಟೋ ಸಲ ವಿಡಿಐಯೋ ವಿಎಂಡಿಕೆಯೋ ಎನ್ನುವುದಕ್ಕಿಂತ ಡೈನಮಿಕ್ಕೋ ಫಿಕ್ಸೆಡ್ಡೋ ಎಂಬ ಪ್ರಶ್ನೆಯೇ ನಿಮ್ಮ ಕೆಲಸಕ್ಕೆ ಹೆಚ್ಚು ಮುಖ್ಯವಾಗಿರುತ್ತದೆ.

ಯಾವುದು ಯಾರ ಮನೆಯದು ಎಂಬುದನ್ನು ಚುಟುಕಾಗಿ ಹೇಳುತ್ತೇನೆ. ವಿಎಂಡಿಕೆ ವಿಎಂವೇರ್ ಕಂಪನಿಯದು. ವಿಡಿಐ ವರ್ಚುವಲ್‌ಬಾಕ್ಸಿನದು, ಆ ತಂತ್ರಾಂಶ ಜರ್ಮನಿಯ ಇನ್ನೋಟೆಕ್‌ನಿಂದ 2008ರಲ್ಲಿ ಸನ್ ಕಂಪನಿಗೆ, 2010ರಲ್ಲಿ ಒರಾಕಲ್‌ಗೆ ಹೋಯಿತು. ವಿಎಚ್‌ಡಿ ಕನೆಕ್ಟಿಕ್ಸ್ ಎಂಬ ಕಂಪನಿಯ ವರ್ಚುವಲ್ ಪಿಸಿಯಲ್ಲಿ ಹುಟ್ಟಿತು. 2003ರಲ್ಲಿ ಮೈಕ್ರೋಸಾಫ್ಟ್ ಆ ತಂತ್ರಾಂಶವನ್ನು ಕೊಂಡಿತು. ವಿಎಚ್‌ಡಿಯ ಗರಿಷ್ಠ ಗಾತ್ರ 2040 ಜಿಬಿ. ಅದಕ್ಕೆ ಬದಲಾಗಿ ವಿಂಡೋಸ್ ಸರ್ವರ್ 2012ರ ಜೊತೆ ಬಂದ ವಿಎಚ್‌ಡಿಎಕ್ಸ್ 64 ಟಿಬಿಯವರೆಗೆ ಹೋಗುತ್ತದೆ. ಕ್ಯೂಕೌ2, ಫ್ಯಾಬ್ರಿಸ್ ಬೆಲ್ಲಾರ್ಡ್ ಆರಂಭಿಸಿದ ಕ್ಯೂಎಮು ಎಂಬ ಮುಕ್ತ ತಂತ್ರಾಂಶದ ಫಾರ್ಮ್ಯಾಟು. ಲಿನಕ್ಸ್‌ನ ವರ್ಚುವಲ್ ಮಷಿನ್ ವ್ಯವಸ್ಥೆಯಾದ ಕೆವಿಎಂ ಬಳಸುವವರು ಹೆಚ್ಚಾಗಿ ಅದನ್ನೇ ಬಳಸುತ್ತಾರೆ.

ಫೈಲಿನ ಹೆಸರಿನ ಬಾಲವನ್ನು ಯಾರು ಬೇಕಾದರೂ ಬದಲಿಸಬಹುದು, ಆದರೆ ಒಳಗಿನ ಗುರುತು ಬದಲಾಗುವುದಿಲ್ಲ. ವಿಎಚ್‌ಡಿ ಫೈಲಿನ ತುದಿಯಲ್ಲಿ ಆ ಹಳೆಯ ಕನೆಕ್ಟಿಕ್ಸ್ ಕಂಪನಿಯ ಹೆಸರು, ಅದೂ ಒಂದು ಅಕ್ಷರ ಕಡಿಮೆಯಾಗಿ, ಇಂದಿಗೂ ಇದೆ. ರಾ ಫೈಲಿಗೆ ಮಾತ್ರ ಇಂಥ ಗುರುತಿಲ್ಲ. ಆದ್ದರಿಂದ ಕ್ಯೂಎಮುವಿಗೆ ರಾ ಫೈಲು ಕೊಡುವಾಗ ಇದು ರಾ ಎಂದು ನೀವೇ ಬಾಯಿಬಿಟ್ಟು ಹೇಳಬೇಕು. ಹೇಳದೆ ಊಹೆಗೆ ಬಿಟ್ಟರೆ, ಗೆಸ್ಟ್‌ನೊಳಗಿರುವ ಕೆಟ್ಟ ತಂತ್ರಾಂಶವೊಂದು ಡಿಸ್ಕಿನ ಆರಂಭದಲ್ಲಿ ಕ್ಯೂಕೌ2 ಗುರುತು ಬರೆದು ಹೋಸ್ಟ್‌ನ ಫೈಲುಗಳಿಗೆ ಕೈಹಾಕುವ ದಾರಿ ತೆರೆದುಕೊಳ್ಳುತ್ತದೆ. ಊಹಿಸಲು ಬಿಟ್ಟವರಿಗೆ ಕ್ಯೂಎಮು ಎಚ್ಚರಿಕೆಯ ಸಾಲು ತೋರಿಸುವುದು ಇದಕ್ಕೇ.

ಈಗ ನಮ್ಮ ಕಡೆಯ ಮುಖ್ಯ ಪ್ರಶ್ನೆ: ಕರೆಂಟು. ಬೇಸಿಗೆಯ ಸಂಜೆ ಗಾಳಿ ಎದ್ದು ನಾಲ್ಕು ಹನಿ ಬಿದ್ದರೆ ಕರೆಂಟು ಹೋಗುತ್ತದೆ ಎಂದು ತಿಳಿದೇ ಇಲ್ಲಿ ಕೆಲಸ ಮಾಡಬೇಕು. ರಾ ಅಥವಾ ಫಿಕ್ಸೆಡ್ ಡಿಸ್ಕಿನಲ್ಲಿ ಕರೆಂಟು ಹೋದರೆ ಆಗುವ ಹಾನಿ, ನಿಜವಾದ ಹಾರ್ಡ್‌ಡಿಸ್ಕಿನಲ್ಲಿ ಆಗುವಷ್ಟೇ. ಆ ಕ್ಷಣ ಬರೆಯುತ್ತಿದ್ದ ಫೈಲಿಗೆ ಪೆಟ್ಟು ಬೀಳಬಹುದು, ಎಕ್ಸ್‌ಪಿ ಮತ್ತೆ ಏಳುವಾಗ ಡಿಸ್ಕ್ ತಪಾಸಣೆ ನಡೆಸುತ್ತದೆ. ಡೈನಮಿಕ್ ಡಿಸ್ಕಿನಲ್ಲಿ ಇದರ ಮೇಲೆ ಇನ್ನೊಂದು ಅಪಾಯ ಸೇರುತ್ತದೆ. ಗೆಸ್ಟ್ ಹೊಸ ಜಾಗಕ್ಕೆ ಬರೆದಾಗಲೆಲ್ಲ ಫೈಲಿನೊಳಗಿನ ಕೋಷ್ಟಕವೂ ಬದಲಾಗಬೇಕು. ಅದು ಅರ್ಧಕ್ಕೆ ನಿಂತರೆ, ಬರೆದ ತುಂಡು ಎಲ್ಲಿದೆ ಎಂಬುದೇ ತಪ್ಪಿಹೋಗಬಹುದು. ಫಾರ್ಮ್ಯಾಟು ರೂಪಿಸಿದವರಿಗೆ ಇದು ಗೊತ್ತಿಲ್ಲದ ಸಂಗತಿಯಲ್ಲ. ವಿಎಚ್‌ಡಿಎಕ್ಸ್ ಇಂಥ ಬದಲಾವಣೆಯನ್ನು ಮೊದಲು ಒಂದು ದಾಖಲೆಯಲ್ಲಿ ಬರೆದು ಆಮೇಲೆ ಕೋಷ್ಟಕ ತಿದ್ದುತ್ತದೆ. ಕರೆಂಟು ಬಂದ ಮೇಲೆ ಆ ದಾಖಲೆ ನೋಡಿ ಸರಿಪಡಿಸಿಕೊಳ್ಳುತ್ತದೆ. ಕ್ಯೂಕೌ2 ಬರೆಯುವ ಕ್ರಮವನ್ನೇ ಎಚ್ಚರದಿಂದ ಪಾಲಿಸುವುದರಿಂದ ಬಹುಪಾಲು ಸಲ ಆಗುವ ನಷ್ಟವೆಂದರೆ ಯಾರಿಗೂ ಸೇರದೆ ಉಳಿದ ಒಂದಷ್ಟು ಜಾಗ. ಅದನ್ನು ಕ್ಯೂಎಮು ಜೊತೆ ಬರುವ ಇಮೇಜ್ ಉಪಕರಣದ ಚೆಕ್ ಆಜ್ಞೆ ಹುಡುಕಿ ಬಿಡಿಸುತ್ತದೆ.

ಇದರ ಜೊತೆಗೆ ವರ್ಚುವಲ್‌ಬಾಕ್ಸಿನ ಒಂದು ಸೆಟ್ಟಿಂಗ್ ಗೊತ್ತಿರಲಿ. ಸ್ಟೋರೇಜ್ ಪುಟದಲ್ಲಿ ಹೋಸ್ಟ್ ಐ/ಓ ಕ್ಯಾಶ್ ಎಂಬ ಗುರುತು ಇದೆ. ಐಡಿಇ ಎಂಬ ಹಳೆಯ ಬಗೆಯ ಡಿಸ್ಕ್ ಕಂಟ್ರೋಲರಿಗೆ ಅದು ತಾನಾಗಿಯೇ ಹಾಕಿರುತ್ತದೆ. ಅದು ಇದ್ದಾಗ ಗೆಸ್ಟ್ ಬರೆದದ್ದು ಸ್ವಲ್ಪ ಹೊತ್ತು ಹೋಸ್ಟ್‌ನ ಮೆಮೊರಿಯಲ್ಲಿ ಉಳಿದಿರಬಹುದು. ಯುಪಿಎಸ್ ಇಲ್ಲದ ಅಂಗಡಿಯಲ್ಲಿ ಇದನ್ನು ತೆಗೆದು, ಫಿಕ್ಸೆಡ್ ಡಿಸ್ಕ್ ಇಟ್ಟುಕೊಳ್ಳಿ ಎನ್ನುವುದು ನನ್ನ ಸಲಹೆ. ಲ್ಯಾಪ್‌ಟಾಪ್ ಇದ್ದವರಿಗೆ ಅದರ ಬ್ಯಾಟರಿಯೇ ಯುಪಿಎಸ್. ಅವರು ನಿಶ್ಚಿಂತೆಯಿಂದ ಡೈನಮಿಕ್ ಬಳಸಬಹುದು.

ಡೈನಮಿಕ್ ಬಳಸುವವರು ಮರೆಯಬಾರದ ಇನ್ನೊಂದು ಮಾತು. 256 ಜಿಬಿಯ ಎಸ್‌ಎಸ್‌ಡಿಯಲ್ಲಿ ತಲಾ 80 ಜಿಬಿಯ ಐದು ಡೈನಮಿಕ್ ಡಿಸ್ಕುಗಳನ್ನು ಸೃಷ್ಟಿಸಲು ಕಂಪ್ಯೂಟರ್ ಬಿಡುತ್ತದೆ. ಆರಂಭದಲ್ಲಿ ಅವು ಸಣ್ಣವೇ ಇರುತ್ತವೆ. ಎಲ್ಲವೂ ಬೆಳೆದು ಹೋಸ್ಟ್ ತುಂಬಿದ ದಿನ ಗೆಸ್ಟ್ ಕೆಲಸದ ನಡುವೆಯೇ ನಿಂತುಬಿಡುತ್ತದೆ. ಗೆಸ್ಟ್‌ನೊಳಗೆ ಜಾಗ ಖಾಲಿ ಇದೆಯೆಂದೇ ಕಾಣುತ್ತಿರುವುದರಿಂದ ಕಾರಣ ತಿಳಿಯದೆ ಒದ್ದಾಡುವವರು ಬಹಳ.

ಇನ್ನು ಸ್ನ್ಯಾಪ್‌ಶಾಟ್. ಆಫ್‌ಸೆಟ್ ಪ್ರೆಸ್ಸಿನವರಿಗೆ ಬಟರ್ ಪೇಪರ್ ಗೊತ್ತು. ಕೆಳಗಿನ ಮೂಲ ಚಿತ್ರವನ್ನು ಮುಟ್ಟದೆ ಮೇಲಿನ ಹಾಳೆಯಲ್ಲಷ್ಟೇ ತಿದ್ದುಪಡಿ ಬರೆದರೆ, ಮೇಲಿನಿಂದ ನೋಡುವವರಿಗೆ ಎರಡೂ ಕೂಡಿ ಒಂದೇ ಪುಟವಾಗಿ ಕಾಣುತ್ತದೆ. ಸ್ನ್ಯಾಪ್‌ಶಾಟ್ ತೆಗೆದಾಗ ನಡೆಯುವುದು ಇದೇ. ಮೂಲ ಡಿಸ್ಕ್ ಅಲ್ಲಿಗೆ ನಿಲ್ಲುತ್ತದೆ, ಆಮೇಲಿನ ಬರವಣಿಗೆಯೆಲ್ಲ ಮೇಲಿನ ಪದರಕ್ಕೆ ಹೋಗುತ್ತದೆ. ಬೇಡವೆನಿಸಿದರೆ ಆ ಪದರವನ್ನು ತೆಗೆದುಹಾಕಿ ಹಿಂದಿನ ಸ್ಥಿತಿಗೆ ಮರಳಬಹುದು. ವಿಡಿಐ, ವಿಎಂಡಿಕೆ, ಕ್ಯೂಕೌ2 ಇವೆಲ್ಲದರ ಜೊತೆ ಇದು ಸಲೀಸು. ರಾ ಫೈಲು ತನ್ನೊಳಗೆ ಸ್ನ್ಯಾಪ್‌ಶಾಟ್ ಇಟ್ಟುಕೊಳ್ಳಲಾರದು.

ಹೊಸದೊಂದು ತಂತ್ರಾಂಶ ಹಾಕಿ ನೋಡುವ ಮೊದಲು ಸ್ನ್ಯಾಪ್‌ಶಾಟ್ ತೆಗೆಯುವುದು ಒಳ್ಳೆಯ ಅಭ್ಯಾಸ. ಆದರೆ ಅದನ್ನು ಬ್ಯಾಕಪ್ ಎಂದು ತಿಳಿಯುವುದರಲ್ಲಿ ದೊಡ್ಡ ಅಪಾಯವಿದೆ. ಮೂಲ ಫೈಲು ಹಾಳಾದರೆ ಅದರ ಮೇಲಿನ ಎಲ್ಲ ಪದರಗಳೂ ವ್ಯರ್ಥ, ಏಕೆಂದರೆ ಅವುಗಳಲ್ಲಿರುವುದು ಬದಲಾವಣೆ ಮಾತ್ರ. ಪದರವಿರುವಾಗ ಮೂಲ ಫೈಲನ್ನು ಬೇರೆಲ್ಲಿಯೋ ತೆರೆದು ಒಂದಕ್ಷರ ಬರೆದರೂ ಮೇಲಿನದಕ್ಕೂ ಕೆಳಗಿನದಕ್ಕೂ ಹೊಂದಾಣಿಕೆ ತಪ್ಪುತ್ತದೆ. ಪರೀಕ್ಷೆ ಮುಗಿದ ಮೇಲೆ ಸ್ನ್ಯಾಪ್‌ಶಾಟನ್ನು ತೆಗೆದುಹಾಕಿ. ಫೈಲುಗಳನ್ನು ಎಕ್ಸ್‌ಪ್ಲೋರರ್‌ನಲ್ಲಿ ಕೈಯಿಂದ ಅಳಿಸದೆ, ವರ್ಚುವಲ್ ಮಷಿನ್ ತಂತ್ರಾಂಶದೊಳಗಿನ ಡಿಲೀಟ್ ಗುಂಡಿಯಿಂದಲೇ ಅಳಿಸಿ; ಆಗ ಪದರಗಳು ಸರಿಯಾಗಿ ಒಂದಾಗುತ್ತವೆ.

ಡಿಪ್ಲೊಮಾ, ಎಂಜಿನಿಯರಿಂಗ್ ಓದುವ ಮಕ್ಕಳಿಗೆ ಪದರದ ಇದೇ ಗುಣ ಬೇರೆ ರೀತಿಯಲ್ಲಿ ಉಪಯೋಗ. ಲ್ಯಾಬಿನ ಸರ್ವರಿನಲ್ಲಿ ಲಿನಕ್ಸ್ ಹಾಕಿದ ಒಂದೇ ಮೂಲ ಕ್ಯೂಕೌ2 ಇಟ್ಟು, ಪ್ರತಿ ವಿದ್ಯಾರ್ಥಿಗೆ ಅದರ ಮೇಲೆ ಒಂದು ಖಾಲಿ ಪದರ ಕೊಟ್ಟರೆ, 30 ಮಂದಿಗೆ 30 ಪೂರ್ತಿ ಪ್ರತಿಗಳ ಜಾಗ ಬೇಕಾಗುವುದಿಲ್ಲ. ಒಬ್ಬರು ಕೆಡಿಸಿಕೊಂಡರೆ ಅವರ ಪದರ ಅಳಿಸಿ ಹೊಸದು ಕೊಟ್ಟರಾಯಿತು. ಮೂಲವನ್ನು ಓದಲು ಮಾತ್ರ ಎಂದು ಗುರುತಿಸಿ ಇಡುವುದನ್ನು ಮರೆಯಬಾರದು.

ಪೆನ್‌ಡ್ರೈವಿನಲ್ಲಿ ಒಯ್ಯುವವರು ಮೊದಲು ಅದರ ಫಾರ್ಮ್ಯಾಟು ನೋಡಿಕೊಳ್ಳಬೇಕು. ಎಫ್‌ಎಟಿ32 ಇದ್ದರೆ ಒಂದು ಫೈಲು 4 ಜಿಬಿ ಮೀರುವಂತಿಲ್ಲ. ಪೆನ್‌ಡ್ರೈವಿನಲ್ಲಿ 60 ಜಿಬಿ ಖಾಲಿ ಇದ್ದರೂ ಕಾಪಿ ಆಗುವುದಿಲ್ಲ. ಅದನ್ನು ಎಕ್ಸ್‌ಫ್ಯಾಟ್‌ಗೆ ಬದಲಿಸಿದರೆ ಸಮಸ್ಯೆ ತೀರಿತು. ಬದಲಿಸಿದರೆ ಒಳಗಿದ್ದದ್ದು ಅಳಿಯುತ್ತದೆ ಎಂಬುದು ನೆನಪಿರಲಿ. ವಿಎಂಡಿಕೆಗೆ ತನ್ನನ್ನು 2 ಜಿಬಿ ತುಂಡುಗಳಾಗಿ ಒಡೆದುಕೊಳ್ಳುವ ಬಗೆಯೂ ಇದೆ. ಒಂದು ಕಂಪ್ಯೂಟರಿನ ವರ್ಚುವಲ್‌ಬಾಕ್ಸಿನಿಂದ ಇನ್ನೊಬ್ಬರ ವಿಎಂವೇರ್‌ಗೆ ಕೊಡಬೇಕಾದಾಗ ಓವಿಎ ಎಂಬ ಕಟ್ಟಾಗಿ ಎಕ್ಸ್‌ಪೋರ್ಟ್ ಮಾಡಿ. ಅದರೊಳಗೆ ಕುಗ್ಗಿಸಿದ ವಿಎಂಡಿಕೆ ಮತ್ತು ಮಷಿನ್ನಿನ ವಿವರ ಎರಡೂ ಇರುತ್ತವೆ.

ಪ್ರೆಸ್ಸಿನ ಹಳೆಯ ಕಂಪ್ಯೂಟರಿಗೆ ಬರೋಣ. ಡಿಸ್ಕು ಹಳೆಯದಾದ್ದರಿಂದ ಅದನ್ನು ಹೆಚ್ಚು ಓಡಿಸದೆ ಬಿಚ್ಚಿ, ಯುಎಸ್‌ಬಿ ಕನೆಕ್ಟರ್ ಮೂಲಕ ಲಿನಕ್ಸ್ ಕಂಪ್ಯೂಟರಿಗೆ ಜೋಡಿಸಿ, ಡಿಡಿರೆಸ್ಕ್ಯೂ ಎಂಬ ತಂತ್ರಾಂಶದಿಂದ ರಾ ಇಮೇಜ್ ತೆಗೆಯುವುದು ಉತ್ತಮ. ಓದಲಾಗದ ಸೆಕ್ಟರುಗಳ ಮುಂದೆ ಅದು ನಿಂತುಬಿಡುವುದಿಲ್ಲ. ಸುಲಭವಾಗಿ ಓದಬಹುದಾದದ್ದನ್ನು ಮೊದಲು ಎತ್ತಿಕೊಂಡು, ಉಳಿದವನ್ನು ಮತ್ತೆ ಮತ್ತೆ ಪ್ರಯತ್ನಿಸುತ್ತದೆ. ಯಾವುದು ಮೂಲ, ಯಾವುದು ಗುರಿ ಎಂಬುದನ್ನು ಆಜ್ಞೆ ಒತ್ತುವ ಮುನ್ನ ಎರಡು ಸಲ ಓದಿ. ಅದಲುಬದಲಾದರೆ ಉಳಿಸಬೇಕೆಂದಿದ್ದ ಡಿಸ್ಕೇ ಅಳಿದುಹೋಗುತ್ತದೆ.

ಆ ರಾ ಪ್ರತಿಯನ್ನು ಹಾಗೆಯೇ ಎತ್ತಿಟ್ಟು, ಅದರಿಂದ ಕೆಲಸದ ಪ್ರತಿಯೊಂದನ್ನು ಮಾಡಿಕೊಳ್ಳಿ. ವರ್ಚುವಲ್‌ಬಾಕ್ಸಿನ ಜೊತೆ ಬರುವ ಉಪಕರಣ ರಾ ಫೈಲನ್ನು ವಿಡಿಐ ಮಾಡಿಕೊಡುತ್ತದೆ. ಕ್ಯೂಎಮುವಿನ ಉಪಕರಣ ಈ ಎಲ್ಲ ಫಾರ್ಮ್ಯಾಟುಗಳ ನಡುವೆಯೂ ಪರಿವರ್ತಿಸಬಲ್ಲದು. ಇಂದು ಆರಿಸಿದ ಫಾರ್ಮ್ಯಾಟಿಗೆ ಜೀವನವಿಡೀ ಅಂಟಿಕೊಳ್ಳಬೇಕಾಗಿಲ್ಲ ಎಂಬ ಧೈರ್ಯ ಹೊಸಬರಿಗೆ ಇರಲಿ. ಪರಿವರ್ತನೆಯ ನಂತರ ಫೈಲು ನಿರೀಕ್ಷಿಸಿದಷ್ಟು ಸಣ್ಣದಾಗದಿದ್ದರೆ ಗಾಬರಿಯಾಗಬೇಡಿ. ಹಳೆಯ ಡಿಸ್ಕಿನಲ್ಲಿ ಅಳಿಸಿದ ಫೈಲುಗಳ ಬೈಟುಗಳು ಇನ್ನೂ ಇರುತ್ತವೆ, ಉಪಕರಣಕ್ಕೆ ಅದು ಖಾಲಿ ಜಾಗವೆಂದು ತಿಳಿಯುವುದಿಲ್ಲ. ಗೆಸ್ಟ್‌ನೊಳಗೆ ಎಸ್‌ಡಿಲೀಟ್‌ನಂಥ ತಂತ್ರಾಂಶದಿಂದ ಖಾಲಿ ಜಾಗಕ್ಕೆ ಸೊನ್ನೆ ತುಂಬಿಸಿ, ಆಮೇಲೆ ಕಾಂಪ್ಯಾಕ್ಟ್ ಮಾಡಿದರೆ ಕುಗ್ಗುತ್ತದೆ. ಇದನ್ನು ಕೆಲಸದ ಪ್ರತಿಯಲ್ಲಿ ಮಾತ್ರ ಮಾಡಿ. ತಪ್ಪಿ ಅಳಿಸಿದ್ದ ಹಳೆಯ ಪುಸ್ತಕವೊಂದನ್ನು ಮುಂದೆ ಹುಡುಕಬೇಕಾದರೆ ಎತ್ತಿಟ್ಟ ರಾ ಪ್ರತಿಯಲ್ಲಷ್ಟೇ ಅದು ಸಿಗುವ ಸಾಧ್ಯತೆ.

ಎಕ್ಸ್‌ಪಿ ಏಳುವಾಗ ನೀಲಿ ಪರದೆ ಬಂದು 7ಬಿ ಎಂದು ಕೊನೆಯಾಗುವ ಸಂಖ್ಯೆ ಕಂಡರೆ ಡಿಸ್ಕ್ ಫಾರ್ಮ್ಯಾಟನ್ನು ದೂರಬೇಡಿ. ಡಿಸ್ಕ್ ಕಂಟ್ರೋಲರಿನ ಡ್ರೈವರ್ ಸಿಗದಿರುವುದು ಅದಕ್ಕೆ ಕಾರಣ. ವರ್ಚುವಲ್ ಮಷಿನ್ನಿನಲ್ಲಿ ಸಾಟಾ ಬದಲು ಐಡಿಇ ಕಂಟ್ರೋಲರ್ ಆರಿಸಿದರೆ ಸಾಮಾನ್ಯವಾಗಿ ಸರಿಹೋಗುತ್ತದೆ. ಆಗಲೂ ಏಳದಿದ್ದರೆ, ಹಳೆಯ ಯಂತ್ರದಲ್ಲೇ ಡಿವೈಸ್ ಮ್ಯಾನೇಜರ್‌ಗೆ ಹೋಗಿ ಕಂಟ್ರೋಲರಿನ ಡ್ರೈವರನ್ನು ಸ್ಟ್ಯಾಂಡರ್ಡ್ ಡ್ಯುಯಲ್ ಚಾನೆಲ್ ಐಡಿಇಗೆ ಬದಲಿಸಿ ಇನ್ನೊಮ್ಮೆ ಇಮೇಜ್ ತೆಗೆಯಬೇಕು. ಯಂತ್ರಾಂಶ ಬದಲಾಗಿದೆಯೆಂದು ಎಕ್ಸ್‌ಪಿ ಮತ್ತೆ ಆಕ್ಟಿವೇಶನ್ ಕೇಳಬಹುದು, ಆದ್ದರಿಂದ ಡಬ್ಬಿಯ ಮೇಲಿನ ಲೈಸೆನ್ಸ್ ಚೀಟಿಯ ಫೋಟೋ ತೆಗೆದಿಟ್ಟುಕೊಳ್ಳಿ. ಡಾಂಗಲ್ (ಲೈಸೆನ್ಸಿನ ಕೀಲಿಯಾಗಿ ಸಿಕ್ಕಿಸುವ ಸಣ್ಣ ಸಾಧನ) ಬೇಡುವ ತಂತ್ರಾಂಶವಿದ್ದರೆ, ಯುಎಸ್‌ಬಿ ಡಾಂಗಲನ್ನು ಗೆಸ್ಟ್‌ಗೆ ಜೋಡಿಸಿಕೊಡಬಹುದು. ಪ್ಯಾರಲಲ್ ಪೋರ್ಟಿನ ಹಳೆಯ ಡಾಂಗಲ್ ಆದರೆ ಕಷ್ಟ.

ನನ್ನ ತೀರ್ಮಾನ ಹೀಗಿದೆ. ದಿನದ ಕೆಲಸಕ್ಕೆ ನೀವು ಬಳಸುವ ತಂತ್ರಾಂಶದ ಸ್ವಂತ ಫಾರ್ಮ್ಯಾಟನ್ನೇ ಆರಿಸಿ: ವರ್ಚುವಲ್‌ಬಾಕ್ಸಿಗೆ ವಿಡಿಐ, ಲಿನಕ್ಸ್‌ನ ಕೆವಿಎಂಗೆ ಕ್ಯೂಕೌ2, ವಿಂಡೋಸ್ ಪ್ರೊನಲ್ಲಿರುವ ಹೈಪರ್-ವಿಗೆ ವಿಎಚ್‌ಡಿಎಕ್ಸ್, ವಿಎಂವೇರ್‌ಗೆ ವಿಎಂಡಿಕೆ. ಹೊಸದಾಗಿ ಕಲಿಯುವವರು ವರ್ಚುವಲ್‌ಬಾಕ್ಸ್ ಮತ್ತು ವಿಡಿಐಯಿಂದ ಆರಂಭಿಸಿದರೆ ಸಾಕು. ಕಾಪಾಡಿ ಇಡುವ ಪ್ರತಿ ಮಾತ್ರ ರಾ ಆಗಿರಲಿ. ಅದನ್ನು 7-ಜಿಪ್‌ನಿಂದ ಕುಗ್ಗಿಸಿ, ಫೈಲು ಬದಲಾಗಿದೆಯೇ ಎಂದು ತಿಳಿಸುವ ಎಸ್‌ಎಚ್‌ಎ-256 ಮೊತ್ತವನ್ನು ಒಂದು ಚೀಟಿಯಲ್ಲಿ ಬರೆದು, ಎರಡು ಬೇರೆ ಬೇರೆ ಡಿಸ್ಕುಗಳಲ್ಲಿ, ಸಾಧ್ಯವಾದರೆ ಎರಡು ಬೇರೆ ಮನೆಗಳಲ್ಲಿ ಇಡಿ. ವರ್ಷಕ್ಕೊಮ್ಮೆ ಆ ಮೊತ್ತವನ್ನು ಮತ್ತೆ ಲೆಕ್ಕ ಮಾಡಿ ಹೋಲಿಸಿ ನೋಡಿ.

ಒಂದು ಊರಿನ ಮದುವೆ, ಜಾತ್ರೆ, ಭಜನಾ ಮೇಳಗಳ ಅಚ್ಚಿನ ದಾಖಲೆ ಇಂಥ ಅಂಗಡಿಗಳ ಡಿಸ್ಕುಗಳಲ್ಲಿದೆ. ಅದನ್ನು ಬೇರಾವ ಕಚೇರಿಯೂ ನಮಗಾಗಿ ಉಳಿಸಿಡುವುದಿಲ್ಲ. ನಿಮ್ಮ ಅಂಗಡಿಯಲ್ಲಿ, ಇಲ್ಲವೇ ಪರಿಚಯದವರ ಪ್ರೆಸ್ಸಿನಲ್ಲಿ ಅಂಥ ಯಂತ್ರವಿದ್ದರೆ, ಫಾರ್ಮ್ಯಾಟಿನ ಬಗ್ಗೆ ಇನ್ನೂ ಯೋಚಿಸುತ್ತ ಕೂರದೆ, ಡಿಸ್ಕು ತಿರುಗುತ್ತಿರುವಾಗಲೇ ಮೊದಲು ಅದರ ರಾ ಪ್ರತಿ ತೆಗೆದುಬಿಡಿ.